ರಕ್ತದಲ್ಲಿ ಅಸ್ಥಿಯ ಕುರುಹು: ಕಲ್ಯಾಣ-ಹುಮನಾಬಾದು ಸೀಮೆಯ ವೃದ್ಧ ಪುರುಷರನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಅಸ್ಥಿಗಳ ಬಲಾಬಲವನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದೆಂಬ ವಿಚಾರಕ್ಕೆ ಈಗ ಸುಮಾರು ನೂರು ವರ್ಷಗಳ ಪ್ರಾಯವಾಗಿದೆ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇದೇನೂ ದೀರ್ಘಕಾಲವಲ್ಲ. ಆದರೂ ಆ ವಿಚಾರವು ಬೆಳೆದು ಬಂದ ಬಗೆಯನ್ನು ಅನುಸರಿಸಿ ನೋಡಿದರೆ, ಅದರಲ್ಲಿ ದಖ್ಖನಿನ ಜೋಳದ ಸೀಮೆಗೂ ಒಂದು ಪಾಲು ಉಂಟೆಂಬುದು ಗೋಚರಿಸುತ್ತದೆ. ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದು ತಾಲ್ಲೂಕುಗಳು ಈ ಸೀಮೆಗೆ ಸೇರಿದವು. ಪ್ರಕೃತ ಲೇಖನದಲ್ಲಿ ನಾವು ವೈದ್ಯರ ಕೆಲಸವನ್ನು ಮಾಡಹೊರಟಿಲ್ಲ. ಮುಪ್ಪಡಸಿದ ಪುರುಷನ ಎಲುಬು ಯಾವ ಕಾಲದಲ್ಲಿ, ಯಾರ ಕಣ್ಣಿಗೆ, ಯಾವ ಕಾರಣದಿಂದ ಬಿದ್ದಿತೆಂಬುದನ್ನು ಮಾತ್ರ ವಿಚಾರಿಸಲೆಳಸಿದ್ದೇವೆ. ರಾಜರ ವಂಶಾವಳಿ, ದತ್ತಿ, ಯುದ್ಧ ಇವುಗಳನ್ನು ಬಿಟ್ಟು ಎಲುಬಿನ ಚರಿತ್ರೆಯನ್ನು ಹಿಡಿದುದೇಕೆಂದು ವಾಚಕರು ಕೇಳಬಹುದು. ಗಳೆ ಹೊಡೆದು, ಕಲ್ಲು ಹೊತ್ತು, ಮೂಟೆ ಎತ್ತಿ ಆ ರಾಜ್ಯಗಳನ್ನೆಲ್ಲ ಬೆನ್ನಮೇಲೆ ಹೊತ್ತವರ ಬೆನ್ನೆಲುಬೂ ಚರಿತ್ರೆಯ ವಸ್ತುವೇ ಎಂಬುದು ನಮ್ಮ ಅಭಿಪ್ರಾಯ.

ಕಲ್ಯಾಣದ ಹೆಸರನ್ನೆತ್ತಿದೊಡನೆ ಪ್ರಾಚೀನ ಸಾಮಗ್ರಿ ತಾನಾಗಿ ಮುಂದೆ ಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಚಾಲುಕ್ಯರ ರಾಜಧಾನಿಯನ್ನು ಇಲ್ಲಿಗೆ ತಂದನು. ಅದೇ ವಂಶದ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ಮೂರನೆಯ ಸೋಮೇಶ್ವರನ ಸಂಸ್ಕೃತ ವಿಶ್ವಕೋಶವಾದ 'ಮಾನಸೋಲ್ಲಾಸ'ದಲ್ಲಿ ಅನ್ನಪಾನಗಳ ವಿಚಾರವೂ ಮಲ್ಲರ ಆಹಾರ ವ್ಯಾಯಾಮಗಳ ವಿಚಾರವೂ ವಿಸ್ತಾರವಾಗಿ ಬಂದಿವೆ. ಬಿಜ್ಜಳನ ಕಾಲದ, ಕ್ರಿ. ಶ. ೧೧೬೨ರ, ಬಳ್ಳಿಗಾವೆಯ ಕೋಡಿಯಮಠದ ಶಾಸನವು ಆ ಮಠವನ್ನು ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನ ದೊರೆಯುವ ಸ್ಥಾನವೆಂದೂ ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದೂ ವರ್ಣಿಸುತ್ತದೆ. ಶರಣರಲ್ಲಿ ವೈದ್ಯವೃತ್ತಿಯ ಸಂಗಣ್ಣನಿದ್ದನು. ಮುಪ್ಪಿನಿಂದ ಬೆನ್ನು ಬಾಗುವುದನ್ನು ಬಸವಣ್ಣನವರೇ ತಮ್ಮ ವಚನವೊಂದರಲ್ಲಿ ನೆನೆದಿದ್ದಾರೆ. ಆ ವಚನ ನಾಡಿನ ಬಾಯಲ್ಲಿದೆಯಾಗಿ ಇಲ್ಲಿ ಉದ್ಧರಿಸಬೇಕಾದ ಅವಶ್ಯಕತೆಯಿಲ್ಲ.

ಈ ಸಾಮಗ್ರಿಯನ್ನು ಬಳಸುವಾಗ ಎಚ್ಚರ ಬೇಕು. 'ಇಂದಿನವರು ರಕ್ತದಲ್ಲಿ ಕಂಡುದನ್ನು ನಮ್ಮ ಪೂರ್ವಿಕರು ಎಂದೋ ಕಂಡಿದ್ದರು' ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು ಧಾತುಗಳಲ್ಲಿ ಒಂದರಿಂದ ಇನ್ನೊಂದು ಪೋಷಣೆ ಪಡೆಯುತ್ತದೆಂಬುದು ಆಯುರ್ವೇದದ ಸಿದ್ಧಾಂತವೆಂಬುದು ನಿಜವೇ. ಆದರೆ ಅಸ್ಥಿಕ್ಷಯವನ್ನು ಗುರುತಿಸಲು ಚರಕಸಂಹಿತೆ ಹೇಳುವ ಲಕ್ಷಣಗಳಾವುವು? ಕೂದಲು, ಉಗುರು, ಹಲ್ಲು ಇವು ಉದುರುವುದು, ಬಳಲಿಕೆ, ಸಂಧಿಗಳ ಸಡಿಲತೆ. ಇವೆಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಲಕ್ಷಣಗಳು. ರಕ್ತವನ್ನು ತೆಗೆದು ಅದರೊಳಗೆ ಎಲುಬಿನ ವಾರ್ತೆಯನ್ನು ಓದುವ ಕ್ರಮ ಅಲ್ಲಿಲ್ಲ. ಹೊರಗಿನ ಕುರುಹಿನಿಂದ ಒಳಗಿನ ಎಲುಬನ್ನು ಊಹಿಸಬೇಕೆಂಬ ಪ್ರಶ್ನೆಯನ್ನು ಅವರು ಎತ್ತಿದ್ದರೆಂಬುದೇ ಸಾಕಷ್ಟು ದೊಡ್ಡ ಮಾತು. ಉತ್ತರವನ್ನೂ ಅವರ ಮೇಲೆಯೇ ಹೊರಿಸುವುದು ಗೌರವವೂ ಅಲ್ಲ, ಚರಿತ್ರೆಯೂ ಅಲ್ಲ.

ಉತ್ತರದ ಮೊದಲ ಅಕ್ಷರ ಬಿದ್ದುದು ಲಂಡನ್ನಿನಲ್ಲಿ, ೧೯೨೩ರಲ್ಲಿ. ಲಿಸ್ಟರ್ ಸಂಸ್ಥೆಯ ರಾಬರ್ಟ್ ರಾಬಿಸನ್ ಎಂಬ ರಸಾಯನಜ್ಞನು ಬೆಳೆಯುವ ಎಲುಬಿನಲ್ಲಿ ರಂಜಕದ ಸಂಯುಕ್ತಗಳನ್ನು ಒಡೆಯುವ ಕಿಣ್ವವೊಂದಿದೆಯೆಂದು ತೋರಿಸಿದನು. ಅದೇ ಕ್ಷಾರೀಯ ಫಾಸ್ಫಟೇಸ್. ಅನಂತರ ಕೆಲವೇ ವರ್ಷಗಳಲ್ಲಿ ಹರ್ಬರ್ಟ್ ಕೇ ಎಂಬುವನು, ಕೆಲವು ಅಸ್ಥಿರೋಗಗಳಲ್ಲಿ ಈ ಕಿಣ್ವವು ರಕ್ತರಸದಲ್ಲಿಯೂ ಹೆಚ್ಚುವುದನ್ನು ಕಂಡನು. ಎಲುಬನ್ನು ಕಟ್ಟುವ ಜೀವಕೋಶಗಳು ದುಡಿಯುತ್ತಿರುವಾಗ ಅವುಗಳ ಕಿಣ್ವದಲ್ಲಿ ಒಂದಂಶ ರಕ್ತಕ್ಕೆ ಸೋರುತ್ತದೆ. ಸೋರಿದುದನ್ನು ಅಳೆದರೆ ಒಳಗಿನ ದುಡಿಮೆಯ ಅಂದಾಜು ಸಿಕ್ಕುತ್ತದೆ. ಕಮ್ಮಾರಸಾಲೆಯ ಹೊರಗೆ ನಿಂತು ಸುತ್ತಿಗೆಯ ಸದ್ದಿನಿಂದ ಒಳಗೆಷ್ಟು ಕೆಲಸ ನಡೆದಿದೆಯೆಂದು ತಿಳಿಯುವಂತೆ ಇದು. ತೊಡಕೇನೆಂದರೆ ಅದೇ ಸದ್ದು ಪಕ್ಕದ ಮನೆಯಿಂದಲೂ ಬರುತ್ತದೆ: ಯಕೃತ್ತು ಕೂಡ ಈ ಕಿಣ್ವವನ್ನು ರಕ್ತಕ್ಕೆ ಬಿಡುವುದರಿಂದ, ಕಾಮಾಲೆಯ ರೋಗಿಯಲ್ಲಿ ಅಂಕಿ ಏರಿದರೆ ಅದು ಎಲುಬಿನ ಮಾತಾಗಿರಬೇಕಾಗಿಲ್ಲ.

ವೃದ್ಧ ಪುರುಷರು ಈ ಕಥೆಯೊಳಕ್ಕೆ ಬಂದುದು ಬೇರೊಂದು ಬಾಗಿಲಿನಿಂದ. ೧೯೩೮ರಲ್ಲಿ ಅಮೆರಿಕೆಯ ಗುಟ್‌ಮನ್ ದಂಪತಿಗಳು, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಎಲುಬಿಗೆ ಹಬ್ಬಿದ ಪುರುಷರ ರಕ್ತದಲ್ಲಿ ಆಮ್ಲೀಯ ಫಾಸ್ಫಟೇಸ್ ಹೆಚ್ಚಿರುವುದನ್ನು ಪ್ರಕಟಿಸಿದರು. ೧೯೪೧ರಲ್ಲಿ ಚಾರ್ಲ್ಸ್ ಹಗಿನ್ಸ್ ಮತ್ತು ಅವನ ಸಹಾಯಕರು, ವೃಷಣಗಳನ್ನು ತೆಗೆದರೆ ಆ ಅಂಕಿ ಇಳಿಯುವುದನ್ನೂ ರೋಗಿಯ ನೋವು ತಗ್ಗುವುದನ್ನೂ ತೋರಿಸಿದರು. ಹಗಿನ್ಸನಿಗೆ ೧೯೬೬ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಹೀಗೆ ಮುದುಕರ ಎಲುಬಿನ ವಾರ್ತೆಯನ್ನು ರಕ್ತದಲ್ಲಿ ಮೊದಲು ಹುಡುಕಿದುದು ಎಲುಬಿಗಾಗಿ ಅಲ್ಲ, ಕ್ಯಾನ್ಸರಿಗಾಗಿ. ಅದೇ ಚಿಕಿತ್ಸೆಯ ಫಲವಾಗಿ ಪುರುಷಹಾರ್ಮೋನು ಇಳಿದ ರೋಗಿಗಳ ಎಲುಬು ಬೇಗ ಸವೆಯುತ್ತದೆಂಬುದು ಮಾತ್ರ ಬಹುಕಾಲದ ಮೇಲೆ ಗಮನಕ್ಕೆ ಬಂದಿತು.

ಎಲುಬಿನ ಸವೆತವೆಂಬ ಸಾಮಾನ್ಯ ವ್ಯಾಧಿಯನ್ನಂತೂ ಸ್ತ್ರೀಯರ ಪಾಲಿಗೆ ಬರೆದಿಟ್ಟಂತಾಯಿತು. ಬೋಸ್ಟನ್ನಿನ ಫುಲ್ಲರ್ ಆಲ್‌ಬ್ರೈಟ್ ೧೯೪೧ರಲ್ಲಿ ಮುಟ್ಟು ನಿಂತ ಸ್ತ್ರೀಯರ ಅಸ್ಥಿಸವೆತವನ್ನು ವಿವರಿಸಿದನು. ಇದರಲ್ಲಿ ರಕ್ತದ ಸುಣ್ಣದಂಶ, ರಂಜಕ, ಕ್ಷಾರೀಯ ಫಾಸ್ಫಟೇಸ್ ಮೂರೂ ಸಹಜವಾಗಿರುತ್ತವೆ. ಎಲುಬು ಮೆತ್ತಗಾಗುವ ಅಸ್ಥಿಮಾರ್ದವದಲ್ಲಿ ಹಾಗಲ್ಲ. ಅಲ್ಲಿ ಫಾಸ್ಫಟೇಸ್ ಏರುತ್ತದೆ, ರಂಜಕವೋ ಸುಣ್ಣವೋ ಇಳಿಯುತ್ತದೆ. ಮೊದಲನೆಯದರಲ್ಲಿ ಗೋಡೆಯ ಇಟ್ಟಿಗೆ ಕಡಮೆ, ಇದ್ದಷ್ಟು ಗಟ್ಟಿ. ಎರಡನೆಯದರಲ್ಲಿ ಇಟ್ಟಿಗೆ ಉಂಟು, ಗಾರೆ ಹಸಿ. ಈ ಭೇದವು ಬಹು ಮುಖ್ಯವಾದುದು. ಆದರೆ ಅದರಿಂದಾದ ಇನ್ನೊಂದು ಪರಿಣಾಮವನ್ನೂ ಹೇಳಬೇಕು. 'ಎಲುಬಿನ ಸವೆತ ಹೆಂಗಸರ ರೋಗ' ಎಂಬ ಭಾವನೆ ವೈದ್ಯರಲ್ಲಿಯೂ ಜನರಲ್ಲಿಯೂ ಬೇರೂರಿತು. ಬಗ್ಗಿದ ಬೆನ್ನಿನ ಅಜ್ಜನನ್ನು ಕಂಡವರು 'ದುಡಿದು ದುಡಿದು ಬಾಗಿದ್ದಾನೆ' ಎಂದು ಸುಮ್ಮನಾದರು. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿ ಅರ್ಧ ಘಳಿಗೆ ನಿಂತರೆ ಅಂತಹ ಬೆನ್ನುಗಳನ್ನು ಯಾರೂ ಎಣಿಸಬಹುದು. ದುಡಿಮೆಯಿಂದ ಎಲುಬು ಬಲಿಯುತ್ತದೆಯೇ ಹೊರತು ಬಾಗುವುದಿಲ್ಲ. ಎತ್ತರ ಎರಡು ಮೂರು ಅಂಗುಲ ಕುಗ್ಗಿ ಬೆನ್ನು ಗೂನಾದರೆ, ಅನೇಕ ವೇಳೆ, ನೋವನ್ನೇ ತೋರದೆ ಕುಸಿದ ಕಶೇರುಗಳು ಅದಕ್ಕೆ ಕಾರಣವಾಗಿರುತ್ತವೆ. ತೊಡೆಯ ಸಂದಿನ ಎಲುಬು ಮುರಿಯುವುದು ಸ್ತ್ರೀಯರಲ್ಲಿ ಹೆಚ್ಚು. ಮುರಿದ ಮೇಲೆ ಒಂದು ವರ್ಷದೊಳಗೆ ಸಾಯುವವರ ಪ್ರಮಾಣ ಪುರುಷರಲ್ಲಿ ಹೆಚ್ಚು.

ಇನ್ನು ನಮ್ಮ ಸೀಮೆಗೆ ಬರೋಣ. ೧೯೪೮ರವರೆಗೆ ಕಲ್ಯಾಣ ಹುಮನಾಬಾದುಗಳು ನಿಜಾಮನ ಆಳ್ವಿಕೆಗೂ ಅನಂತರ ೧೯೫೬ರವರೆಗೆ ಹೈದರಾಬಾದು ರಾಜ್ಯಕ್ಕೂ ಸೇರಿದ್ದವು. ಅದೇ ರಾಜ್ಯದ ಇನ್ನೊಂದು ಜಿಲ್ಲೆ ನಲ್ಗೊಂಡ. ರಾಬರ್ಟ್ ಮೆಕ್ಯಾರಿಸನ್ ೧೯೧೮ರಲ್ಲಿ ಕೂನೂರಿನಲ್ಲಿ ಆರಂಭಿಸಿದ ಸಂಶೋಧನಾಲಯವು ೧೯೫೮ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯೆಂದು ಹೆಸರಾಯಿತು. ಜೋಳವನ್ನೇ ಮುಖ್ಯಾಹಾರವಾಗಿ ಉಣ್ಣುವ ಜನರ ಮಧ್ಯೆ ಅಂತಹ ಸಂಸ್ಥೆಯೊಂದು ನೆಲೆಸಿದುದರಿಂದ, ಅಕ್ಕಿ ಗೋದಿಗಳ ನೆರಳಲ್ಲಿದ್ದ ಜೋಳಕ್ಕೆ ವಿಜ್ಞಾನದ ಅಂಗಳದಲ್ಲಿ ಸ್ಥಾನ ದೊರೆಯಿತು. ೧೯೬೦ರಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯ ಇವರು ಪೆಲಾಗ್ರ ಎಂಬ ಚರ್ಮರೋಗಕ್ಕೂ ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶಕ್ಕೂ ಸಂಬಂಧವನ್ನು ಸೂಚಿಸಿದರು. ಎಲುಬಿನ ಮಾತು ಬಂದುದು ೧೯೭೩ರಲ್ಲಿ.

ಇದಕ್ಕೆ ಒಂದು ಪೂರ್ವಕಥೆಯುಂಟು. ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ನೀರಿನ ಫ್ಲೋರೈಡಿನಿಂದ ಜನರ ಬೆನ್ನೆಲುಬು ಬಿದಿರಿನಂತೆ ಸೆಟೆದುಕೊಳ್ಳುವುದನ್ನು ಶಾರ್ಟ್ ಮತ್ತು ಸಂಗಡಿಗರು ೧೯೩೭ರಲ್ಲಿ ವರದಿ ಮಾಡಿದ್ದರು. ಅದಕ್ಕೂ ಮೊದಲು ಆ ಹಳ್ಳಿಗಳ ದನಕರುಗಳಲ್ಲಿ ರೋಗ ಕಂಡಿತ್ತು. ಗೋವೈದ್ಯವನ್ನು ಬರೆದ ಕೀರ್ತಿವರ್ಮನ ನಾಡಿನವರಿಗೆ ಇದು ಅಚ್ಚರಿಯೆನಿಸಲಾರದು. ೧೯೭೩ರಲ್ಲಿ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಇವರು ನಲ್ಗೊಂಡದ ಫ್ಲೋರೈಡು ಪೀಡಿತ ಹಳ್ಳಿಗಳಲ್ಲಿ ಹೊಸದೊಂದು ರೂಪವನ್ನು ಕಂಡರು. ಬೆಳೆಯುವ ಹುಡುಗರ, ತರುಣರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ಎಲುಬು ಸೆಟೆಯುವುದರ ಜೊತೆಗೆ ಟೊಳ್ಳೂ ಆಗುತ್ತಿತ್ತು. ನಾಗಾರ್ಜುನಸಾಗರದ ಜಲಾಶಯದಿಂದ ಸುತ್ತಣ ಅಂತರ್ಜಲದ ಗುಣ ಬದಲಾದುದು ಒಂದು ಕಾರಣವೆಂದು ಅವರು ಎಣಿಸಿದರು. ರೋಗಿಗಳಲ್ಲಿ ಬಹುಮಂದಿ ಜೋಳವನ್ನುಂಬವರು. ೧೯೭೬ರಲ್ಲಿ ಅವರ ರಕ್ತವನ್ನು ಪರೀಕ್ಷಿಸಿದಾಗ ಪ್ಯಾರಾಥೈರಾಯಿಡ್ ಹಾರ್ಮೋನು ಏರಿರುವುದು ಕಂಡಿತು. ರಕ್ತದಲ್ಲಿ ಸುಣ್ಣ ಸಾಲದಾದಾಗ ಎಲುಬಿನ ಭಂಡಾರವನ್ನು ಒಡೆದು ಸುಣ್ಣವನ್ನು ತರಿಸುವುದು ಈ ಹಾರ್ಮೋನಿನ ಕೆಲಸ. ಮರುವರ್ಷ ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ ಇವರು, ಅಕ್ಕಿಯ ಊಟಕ್ಕಿಂತ ಜೋಳದ ಊಟದಲ್ಲಿ ದೇಹವು ಹೆಚ್ಚು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆಂದು ತೋರಿಸಿದರು. ದಖ್ಖನಿನ ಬಡವರ ಎಲುಬಿನ ಸ್ಥಿತಿಯನ್ನು ಅವರ ರಕ್ತದಿಂದ ಓದಿದ ಮುಖ್ಯ ಪ್ರಕರಣ ಇದೇ ಎಂದು ನಾವು ತಿಳಿಯುತ್ತೇವೆ.

ಕರ್ಣಾಟಕದ ಮಲೆನಾಡಿನ ಒಂದು ಪ್ರಕರಣ ಇದಕ್ಕೆ ಎದುರುಸಾಕ್ಷಿಯಾಗಿ ನಿಲ್ಲುತ್ತದೆ. ೧೯೭೫ರ ಸುಮಾರಿನಲ್ಲಿ ಸಾಗರದ ಬಳಿಯ ಹಂದಿಗೋಡಿನಲ್ಲಿ ಸೊಂಟ ಮೊಣಕಾಲುಗಳು ಸವೆದು ನಡೆಯಲಾರದಾದ ಕುಟುಂಬಗಳು ಬೆಳಕಿಗೆ ಬಂದವು. ಗದ್ದೆಯ ಏಡಿಗಳಲ್ಲಿ ಸೇರಿದ ಕೀಟನಾಶಕದ ಮೇಲೆ ಮೊದಲು ಶಂಕೆ ಹೋಯಿತು. ಕೊನೆಗೆ ಅದು ವಂಶಪಾರಂಪರ್ಯವಾಗಿ ಬರುವ ರೋಗವೆಂದು ನಿಶ್ಚಯವಾಯಿತು. ಎಲುಬಿನ ಎಲ್ಲ ವ್ಯಾಧಿಗೂ ಊಟವನ್ನೇ ದೂರುವವರು ಹಂದಿಗೋಡನ್ನು ಮರೆಯಬಾರದು.

ಹಾಗಾದರೆ ಕಲ್ಯಾಣದ ರೈತನ ರೊಟ್ಟಿಯಲ್ಲಿರುವ ಸುಣ್ಣವೆಷ್ಟು? ನೂರು ಗ್ರಾಂ ಜೋಳದಲ್ಲಿ ಸುಮಾರು ೨೫ ಮಿಲಿಗ್ರಾಂ, ಅಷ್ಟೇ ತೂಕದ ರಾಗಿಯಲ್ಲಿ ಸುಮಾರು ೩೪೦. ದಿನಕ್ಕೆ ಅರ್ಧ ಕಿಲೋ ಜೋಳವನ್ನುಂಡವನಿಗೂ ಅದರಿಂದ ಬರುವುದು ಕೇವಲ ೧೨೫. ಅದರಲ್ಲಿಯೂ ಒಂದು ಭಾಗವನ್ನು ಕಾಳಿನ ಫೈಟಿನ್ ಎಂಬ ಅಂಶ ಕಟ್ಟಿಹಾಕುತ್ತದೆ. ಹುದುಗಿದ ಅಂಬಲಿಯಲ್ಲಿ ಈ ಬಂಧ ಕೊಂಚ ಸಡಿಲುತ್ತದೆ, ಬಿಸಿ ನೀರಿನಲ್ಲಿ ನಾದಿ ತಟ್ಟಿದ ರೊಟ್ಟಿಯಲ್ಲಿ ಅಷ್ಟಾಗಿ ಇಲ್ಲ. ಮೈಸೂರಿನ ರಾಗಿಮುದ್ದೆಗೂ ಬೀದರದ ರೊಟ್ಟಿಗೂ ನಡುವಣ ಅಂತರ ಬರಿಯ ರುಚಿಯದಲ್ಲವೆಂಬುದು ಇದರಿಂದ ಸ್ಪಷ್ಟ. ಕೊರತೆಯನ್ನು ತುಂಬುವ ದಾರಿಗಳು ಸೀಮೆಯ ಅಡುಗೆಯಲ್ಲಿಯೇ ಇದ್ದವು: ಎಳ್ಳು, ಗುರೆಳ್ಳಿನ ಹಿಂಡಿ, ನುಗ್ಗೆಸೊಪ್ಪು, ಮಜ್ಜಿಗೆ, ಎಲೆಯಡಿಕೆಯ ಸುಣ್ಣ. ಸಿಪ್ಪೆ ಸಹಿತವಾದ ಎಳ್ಳಿನಲ್ಲಿ ನೂರು ಗ್ರಾಮಿಗೆ ೧,೦೦೦ ಮಿಲಿಗ್ರಾಮಿಗೂ ಮಿಕ್ಕ ಸುಣ್ಣವಿದೆ. ಆದರೆ ಎಳ್ಳಮಾವಾಸ್ಯೆಯ ಎಳ್ಳು ವರ್ಷಕ್ಕೊಮ್ಮೆ, ಮಜ್ಜಿಗೆ ಹಸುವುಳ್ಳವನಿಗೆ. ಎಲೆಯಡಿಕೆಯ ಸುಣ್ಣವನ್ನು ನಾವು ಹೊಗಳಲಾರೆವು, ಅಡಿಕೆ ಹೊಗೆಸೊಪ್ಪುಗಳು ಬಾಯಿಗೆ ತರುವ ಕ್ಯಾನ್ಸರು ಅದರ ಜೊತೆಗೇ ಇದೆ.

ಇಲ್ಲಿ ಚರಿತ್ರಕಾರನಿಗೆ ಸ್ವಾರಸ್ಯವಾದ ಸಂಗತಿಯೊಂದು ಸಿಕ್ಕುತ್ತದೆ. ಭಾರತೀಯ ವೈದ್ಯ ಸಂಶೋಧನಾ ಪರಿಷತ್ತು ವಯಸ್ಕನಿಗೆ ದಿನಕ್ಕೆ ಬೇಕೆಂದು ಹೇಳುತ್ತಿದ್ದ ಸುಣ್ಣ ಹಿಂದೆ ೪೦೦ ಮಿಲಿಗ್ರಾಂ. ೨೦೧೦ರಲ್ಲಿ ಅದು ೬೦೦ ಆಯಿತು. ೨೦೨೦ರಲ್ಲಿ ೧,೦೦೦ ಆಯಿತು. ರೊಟ್ಟಿ ಅದೇ, ಉಂಬವನೂ ಅದೇ. ಅಳತೆಗೋಲು ಎರಡು ಸಲ ಬದಲಾಗಿ, ನಿನ್ನೆ ಸಾಕಾದುದು ಇಂದು ಸಾಲದೆಂದಾಯಿತು. ಹಳೆಯ ವರದಿಗಳಲ್ಲಿ 'ಕೊರತೆಯಿಲ್ಲ' ಎಂದಿರುವುದನ್ನು ಓದುವಾಗ ಯಾವ ಅಳತೆಗೋಲಿನಿಂದ ಅಳೆದರೆಂದು ಮೊದಲು ಕೇಳಬೇಕು. ಶಾಸನದ ಮತ್ತರು ಕಂಬಗಳನ್ನು ಎಕರೆಗೆ ತಿರುಗಿಸುವಾಗ ನಾವು ತೋರುವ ಎಚ್ಚರವನ್ನೇ ಇಲ್ಲಿಯೂ ತೋರಬೇಕು.

ಬಿಸಿಲಿನ ವಿಷಯವೂ ಹೀಗೆಯೇ. ಹದಿನೆಂಟನೆಯ ಅಕ್ಷಾಂಶದ ಬಳಿ, ಮೋಡವಿಲ್ಲದ ಆಕಾಶದ ಕೆಳಗೆ ಬಾಳುವವರಿಗೆ ಜೀವಸತ್ವ 'ಡಿ' ಕೊರತೆಯಾಗುವುದಿಲ್ಲವೆಂದು ಬಹುಕಾಲ ಪಾಠ ಹೇಳಲಾಯಿತು. ರಕ್ತದಲ್ಲಿ ಅದರ ಸಂಚಯರೂಪವನ್ನು ಗುರುತಿಸಿದುದು ೧೯೬೮ರಲ್ಲಿ. ಅಳೆಯುವ ಸಾಧನ ಕೈಗೆ ಬಂದ ಮೇಲೆ ಪಾಠ ಬದಲಾಯಿತು. ೨೦೦೦ದಲ್ಲಿ ದಿಲ್ಲಿಯ ಆರೋಗ್ಯವಂತರಲ್ಲಿಯೇ ಕೊರತೆ ಕಂಡಿತು. ೨೦೦೭ರಲ್ಲಿ ತಿರುಪತಿಯ ಹರಿನಾರಾಯಣ ಮತ್ತು ಸಂಗಡಿಗರು ದಕ್ಷಿಣದ ಹಳ್ಳಿ ಪಟ್ಟಣಗಳೆರಡರಲ್ಲಿಯೂ ಕಂಡರು. ಹೊಲದಲ್ಲಿ ದುಡಿಯುವವರಲ್ಲಿ ಪಟ್ಟಣಿಗರಿಗಿಂತ ಹೆಚ್ಚಿದ್ದರೂ ಅಲ್ಲಿಯೂ ಸಾಕಷ್ಟಿರಲಿಲ್ಲ. ಊಟದ ಸುಣ್ಣ ತೀರ ಕಡಮೆಯಾದರೆ ದೇಹದ 'ಡಿ' ಸತ್ವವೂ ಬೇಗ ವ್ಯಯವಾಗುತ್ತದೆಂಬುದು ಇದಕ್ಕೊಂದು ವಿವರಣೆ. ವೆಲ್ಲೂರಿನ ವೈದ್ಯರು ೨೦೧೪ರಲ್ಲಿ ಐವತ್ತು ದಾಟಿದ ೨೫೨ ಪುರುಷರನ್ನು ಪರೀಕ್ಷಿಸಿದಾಗ ಸುಮಾರು ಐವರಲ್ಲೊಬ್ಬನಿಗೆ ಅಸ್ಥಿಸವೆತವಿದ್ದಿತು. ಅವರು ರೋಗಿಗಳಲ್ಲ, ಆರೋಗ್ಯವಂತರೆಂದು ಆಯ್ದುಕೊಂಡವರು. ಹೆಂಗಸರ ರೋಗವೆಂಬ ಹಳೆಯ ಮಾತಿಗೆ ಇದಕ್ಕಿಂತ ನೇರವಾದ ಖಂಡನೆ ಬೇಕಾಗಿಲ್ಲ.

ಪುರುಷನ ಎಲುಬನ್ನು ಪುರುಷಹಾರ್ಮೋನೇ ಕಾಯುತ್ತದೆಂಬ ನಂಬಿಕೆಗೂ ೧೯೯೪ರಲ್ಲಿ ಪೆಟ್ಟು ಬಿದ್ದಿತು. ಸ್ತ್ರೀಹಾರ್ಮೋನಾದ ಈಸ್ಟ್ರೋಜೆನ್ನಿಗೆ ದೇಹ ಸ್ಪಂದಿಸದಂತಹ ಜನ್ಮದೋಷವುಳ್ಳ ಇಪ್ಪತ್ತೆಂಟು ವರ್ಷದ ಅಮೆರಿಕದ ಪುರುಷನೊಬ್ಬನು ವೈದ್ಯರ ಗಮನಕ್ಕೆ ಬಂದನು. ಅವನಲ್ಲಿ ಪುರುಷಹಾರ್ಮೋನು ಸಹಜವಾಗಿದ್ದರೂ ಎಲುಬು ಸವೆದಿತ್ತು, ಎತ್ತರದ ಬೆಳವಣಿಗೆ ಇನ್ನೂ ನಿಂತಿರಲಿಲ್ಲ. ಗಂಡಸಿನ ರಕ್ತದಲ್ಲಿಯೂ ಹರಿಯುವ ಅಲ್ಪ ಪ್ರಮಾಣದ ಈಸ್ಟ್ರೋಜೆನ್ನೇ ಅವನ ಎಲುಬಿನ ಪ್ರಬಲ ರಕ್ಷಕನೆಂಬುದು ಅಂದಿನಿಂದ ಸ್ಥಿರಪಟ್ಟಿತು.

ಈಗ ಬಳಕೆಯಲ್ಲಿರುವ ಕುರುಹುಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಎಲುಬಿನ ಹಂದರ ಕೊಲಾಜನ್ ಎಂಬ ಸಸಾರಜನಕ ತಂತು. ತಂತುವನ್ನು ಹೊಸದಾಗಿ ಹೆಣೆಯುವಾಗ ಅದರ ತುದಿ ಕತ್ತರಿಸಿ ರಕ್ತಕ್ಕೆ ಬೀಳುತ್ತದೆ. ಇದು ಪಿ೧ಎನ್‌ಪಿ, ಕಟ್ಟುವಿಕೆಯ ಕುರುಹು. ಹಳೆಯ ತಂತುವನ್ನು ಕರಗಿಸುವಾಗ ಬೀಳುವ ಚೂರು ಸಿಟಿಎಕ್ಸ್, ಕೆಡಹುವಿಕೆಯ ಕುರುಹು. ೨೦೧೧ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಕೂಡಿ ಈ ಎರಡನ್ನು ಪ್ರಮಾಣಕುರುಹುಗಳೆಂದು ಆರಿಸಿದವು. ಪುರುಷರಲ್ಲಿ ಇವು ಇಪ್ಪತ್ತರ ಪ್ರಾಯದಲ್ಲಿ ಅತ್ಯುಚ್ಚವಾಗಿದ್ದು, ಐವತ್ತರಿಂದ ಅರವತ್ತರ ನಡುವೆ ಕನಿಷ್ಠಕ್ಕೆ ಇಳಿದು, ಆಮೇಲೆ ಕೆಡಹುವಿಕೆಯ ಕುರುಹು ಮೆಲ್ಲಮೆಲ್ಲನೆ ಏರುತ್ತದೆ. ಸ್ತ್ರೀಯರಲ್ಲಿ ಮುಟ್ಟು ನಿಂತಾಗ ಕಾಣುವ ಏಕಾಏಕಿ ಜಿಗಿತ ಇಲ್ಲಿಲ್ಲ. ಗಂಡಸಿನ ಎಲುಬು ಸದ್ದಿಲ್ಲದೆ ಸವೆಯುವುದರಿಂದಲೇ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲವೆಂದು ತೋರುತ್ತದೆ.

ಈ ಕುರುಹುಗಳು ಎಲುಬಿನಲ್ಲಿ ಉಳಿದಿರುವ ಬಂಡವಾಳವನ್ನು ಹೇಳುವುದಿಲ್ಲ, ನಡೆದಿರುವ ಜಮಾಖರ್ಚಿನ ವೇಗವನ್ನು ಮಾತ್ರ ಹೇಳುತ್ತವೆ. ಬಂಡವಾಳವನ್ನು ತಿಳಿಯಲು ಕ್ಷಕಿರಣದಿಂದ ಸಾಂದ್ರತೆಯನ್ನಳೆಯುವ ಯಂತ್ರವೇ ಬೇಕು. ಆದುದರಿಂದ ಒಂದೇ ರಕ್ತಪರೀಕ್ಷೆಯಿಂದ ಎಲುಬಿನ ಭವಿಷ್ಯವನ್ನೆಲ್ಲ ಹೇಳುವೆವೆಂಬ ಪ್ರಚಾರವನ್ನು ನಂಬಿ ಕೂಲಿಯವನು ದುಡ್ಡು ಕಳೆಯಬೇಕಾಗಿಲ್ಲ. ಚಿಕಿತ್ಸೆ ಆರಂಭಿಸಿದ ಮೇಲೆ ಅದು ಫಲಿಸುತ್ತಿದೆಯೇ ಎಂದು ಕೆಲವೇ ತಿಂಗಳಲ್ಲಿ ತಿಳಿಯುವುದಕ್ಕೆ ಮಾತ್ರ ಇವು ನಿಜವಾಗಿ ಉಪಯುಕ್ತ. ನಮ್ಮ ಸೀಮೆಯಲ್ಲಿ ಅದಕ್ಕೂ ಮುಂಚೆ ಹಳೆಯ, ಅಗ್ಗವಾದ ಮೂರು ಪರೀಕ್ಷೆಗಳನ್ನು, ಎಂದರೆ ಸುಣ್ಣ, ರಂಜಕ, ಕ್ಷಾರೀಯ ಫಾಸ್ಫಟೇಸ್ ಇವುಗಳನ್ನು, ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ. ಜೋಳವನ್ನುಂಡು ಸುಣ್ಣ ಕಡಮೆಯಾದ ಮುದುಕನಲ್ಲಿ ಇಟ್ಟಿಗೆಯ ಕೊರತೆಯೊಡನೆ ಗಾರೆಯ ಹಸಿತನವೂ ಸೇರಿರಬಹುದು. ಎರಡರ ಚಿಕಿತ್ಸೆ ಒಂದಲ್ಲ.

ಪ್ರಯೋಗಶಾಲೆಯ ಅಂಕಿಯನ್ನು ಮುಂದಿನ ಚರಿತ್ರಕಾರರು ಆಧಾರವಾಗಿ ಬಳಸುವ ದಿನ ಬಂದರೆ, ಅದರ ಸಂಗಡ ಬರೆದಿರಬೇಕಾದ ಮಾತುಗಳು ಕೆಲವಿವೆ. ಸಿಟಿಎಕ್ಸ್ ಬೆಳಗಿನ ಜಾವ ಹೆಚ್ಚಿದ್ದು ಹೊತ್ತೇರಿದಂತೆ ಇಳಿಯುತ್ತದೆ. ಉಂಡರೆ ಇನ್ನೂ ಇಳಿಯುತ್ತದೆ. ಮೂತ್ರಪಿಂಡಗಳು ದುರ್ಬಲವಾಗಿದ್ದರೆ ಏರಿಯೇ ಇರುತ್ತದೆ. ಎಲುಬು ಮುರಿದ ಬಳಿಕ ತಿಂಗಳುಗಟ್ಟಲೆ ಎರಡು ಕುರುಹುಗಳೂ ಏರಿರುತ್ತವೆ. ಹುಮನಾಬಾದಿನ ಹಳ್ಳಿಯೊಂದರಿಂದ ನಸುಕಿನಲ್ಲಿ ಹೊರಟ ಅರವತ್ತೈದರ ರೈತನು, ದಾರಿಯಲ್ಲಿ ಚಹ ಕುಡಿದು, ಬುತ್ತಿಯ ರೊಟ್ಟಿಯನ್ನು ಬಸ್ ನಿಲ್ದಾಣದಲ್ಲಿ ಉಂಡು, ಹನ್ನೊಂದು ಗಂಟೆಗೆ ಬೀದರದಲ್ಲಿಯೋ ಕಲಬುರಗಿಯಲ್ಲಿಯೋ ತೋಳು ಚಾಚಿದರೆ, ಅವನ ಅಂಕಿ ಇರಬೇಕಾದುದಕ್ಕಿಂತ ಕಡಮೆ ಬರುತ್ತದೆ. ಎಲುಬು ಕ್ಷೇಮವಾಗಿದೆಯೆಂದು ಚೀಟಿ ಹೇಳುತ್ತದೆ. ರಕ್ತ ತೆಗೆದ ಹೊತ್ತು, ಕಡೆಯ ಊಟದ ಹೊತ್ತು, ಕಳೆದ ವರ್ಷದಲ್ಲಿ ಬಿದ್ದು ಎಲುಬು ಮುರಿದುದುಂಟೇ ಎಂಬ ಮೂರು ಸಾಲುಗಳು ಆ ಚೀಟಿಯಲ್ಲಿಯೇ ಇರಬೇಕು.